ಕಳುವಾದ ಎರಡು ಚೀಲಗಳು

ಅಕಿರಾ ಕುರೊಸಾವಾ 1949ರಲ್ಲಿ ತೆಗೆದ 'ಸ್ಟ್ರೇ ಡಾಗ್' ಚಿತ್ರದ ಕಥೆ ಒಂದೇ ಉಸಿರಿಗೆ ಹೇಳಿ ಮುಗಿಸುವಂಥದು. ಟೋಕಿಯೋದ ಸುಡುಬೇಸಗೆಯಲ್ಲಿ, ಕಿಕ್ಕಿರಿದ ಬಸ್ಸಿನಲ್ಲಿ, ಮುರಾಕಾಮಿ ಎಂಬ ಎಳೆಯ ಪತ್ತೇದಾರನ ಪಿಸ್ತೂಲು ಕಳುವಾಗುತ್ತದೆ. ಅದರಲ್ಲಿ 7 ಗುಂಡುಗಳಿವೆ. ಪಿಸ್ತೂಲು ಕೈಯಿಂದ ಕೈಗೆ ದಾಟಿ ಯೂಸಾ ಎಂಬ ಯುವಕನನ್ನು ಸೇರುತ್ತದೆ. ಒಬ್ಬ ಹೆಂಗಸು ಗಾಯಗೊಳ್ಳುತ್ತಾಳೆ, ಇನ್ನೊಬ್ಬಳು ಸಾಯುತ್ತಾಳೆ. ಒಂದೊಂದು ಗುಂಡನ್ನೂ ತಾನೇ ಹಾರಿಸಿದೆನೆಂಬಂತೆ ಮುರಾಕಾಮಿ ಬೇಯುತ್ತಾನೆ.

ಪಿಸ್ತೂಲು ಹುಡುಕಲು ಅವನು ಕೆಲಸವಿಲ್ಲದ ಮಾಜಿ ಸೈನಿಕನ ವೇಷದಲ್ಲಿ ಕಾಳಸಂತೆಗಳಲ್ಲಿ ಅಲೆಯುವ ಭಾಗವೊಂದಿದೆ. ಹೆಚ್ಚುಕಡಿಮೆ ಮಾತೇ ಇಲ್ಲ. ಬೆವರು, ಧೂಳು, ಸವೆದ ಬೂಟುಗಳು, ಜನ. ನಿಜವಾದ ಕಾಳಸಂತೆಗಳಲ್ಲಿ ಇದನ್ನು ಗುಟ್ಟಾಗಿ ಚಿತ್ರಿಸಿದವನು ಸಹಾಯಕನಾಗಿದ್ದ ಇಶಿರೊ ಹೋಂಡಾ. 1954ರಲ್ಲಿ 'ಗಾಡ್ಜಿಲ್ಲಾ' ತೆಗೆದವನು ಇವನೇ. ಈ ಭಾಗ ತೀರಾ ಉದ್ದವಾಯಿತೆಂದು ಗೊಣಗುವ ಗೆಳೆಯರು ನನಗಿದ್ದಾರೆ. ನನಗೇನೋ ಚಿತ್ರದ ಜೀವ ಇಲ್ಲೇ ಇದೆ ಎನ್ನಿಸುತ್ತದೆ. ಮುರಾಕಾಮಿಯೂ ಯುದ್ಧದಿಂದ ಮರಳಿದವನೇ. ಆ ವೇಷಕ್ಕಾಗಿ ಅವನು ಹೆಚ್ಚೇನೂ ಮಾಡಬೇಕಾಗಿಲ್ಲ.

ಯುದ್ಧ ಮುಗಿದು ಊರಿಗೆ ಬರುವಾಗ ಯೂಸಾನ ಚೀಲವನ್ನು ಯಾರೋ ಕದ್ದಿದ್ದರು. ಮುರಾಕಾಮಿಯ ಚೀಲವನ್ನೂ ಕದ್ದಿದ್ದರು. ಅವನು ಕಳ್ಳನಾದ, ಇವನು ಪೊಲೀಸನಾದ. ಸಾಟೋ ಎಂಬ ಹಿರಿಯ ಅಧಿಕಾರಿಗೆ ಈ ಲೆಕ್ಕಾಚಾರ ಹಿಡಿಸುವುದಿಲ್ಲ. ಕೊಂದವನ ಮನಸ್ಸನ್ನು ಬಗೆಯುತ್ತ ಕೂತರೆ ಸತ್ತವರ ಗತಿಯೇನು ಎನ್ನುವ ಧಾಟಿ ಅವನದು. ತಕಾಶಿ ಶಿಮುರಾ ಈ ಪಾತ್ರವನ್ನು ಎಷ್ಟು ಸಮಾಧಾನದಿಂದ ಮಾಡಿದ್ದಾರೆಂದರೆ, ನಮಗೂ ಹೌದಲ್ಲ ಅನ್ನಿಸಿಬಿಡುತ್ತದೆ. ತೊಶಿರೊ ಮಿಫುನೆಯ ಮುರಾಕಾಮಿಗೆ ಮಾತ್ರ ಹಾಗನ್ನಿಸುವುದಿಲ್ಲ.

ಯೂಸಾನ ಮುಖ ನಮಗೆ ಕಾಣುವುದು ಕೊನೆಗೆ, ರೈಲು ನಿಲ್ದಾಣದಲ್ಲಿ. ಬಿಳಿ ಸೂಟು, ಮೆತ್ತಿದ ಕೆಸರು, ಎಡಗೈಯಲ್ಲಿ ಗೀರಿದ ಬೆಂಕಿಕಡ್ಡಿ. ಅಷ್ಟರವರೆಗೆ ಅವನನ್ನು ಮರೆಯಲ್ಲಿಟ್ಟದ್ದು ಸರಿಯೇ ಎಂಬ ಬಗ್ಗೆ ನನಗೆ ಅನುಮಾನವಿತ್ತು. ಮುಂದಿನ ದೃಶ್ಯ ಆ ಅನುಮಾನ ಕಳೆಯುತ್ತದೆ. ಅಟ್ಟಿಸಿಕೊಂಡು ಹೋಗಿ, ಹೊಡೆದಾಡಿ, ಕೋಳ ತೊಡಿಸಿದ ಮೇಲೆ ಇಬ್ಬರೂ ಹೂಬಿಟ್ಟ ಹೊಲದಲ್ಲಿ ಏದುಸಿರು ಬಿಡುತ್ತ ಬಿದ್ದಿರುತ್ತಾರೆ. ಇಬ್ಬರಿಗೂ ಅದೇ ಕೆಸರು. ಅವನಾರು, ಇವನಾರು ಎಂದು ಹೇಳುವುದು ಕಷ್ಟ. ದೂರದಲ್ಲಿ ಮಕ್ಕಳು ಹಾಡುತ್ತ ಹಾದುಹೋಗುತ್ತವೆ. ಆಗ ಯೂಸಾ ಅಳಲು ಶುರುಮಾಡುತ್ತಾನೆ. ಅಳುವೂ ಅಲ್ಲ ಅದು, ಊಳು. ಮುರಾಕಾಮಿ ಕೋಳ ಬಿಚ್ಚುವುದಿಲ್ಲ. ಬಿಚ್ಚಬೇಕೆಂದು ಚಿತ್ರವೂ ಹೇಳುವುದಿಲ್ಲ. ಆದರೆ ಹಿಡಿದವನಿಗೆ ಗೆದ್ದ ಕಳೆಯನ್ನೂ ಅದು ಕೊಡುವುದಿಲ್ಲ.

ಗುಂಡೇಟು ತಿಂದು ಆಸ್ಪತ್ರೆಯಲ್ಲಿ ಮಲಗಿರುವ ಸಾಟೋ, ಕ್ರಮೇಣ ಯೂಸಾನನ್ನು ನೀನು ಮರೆಯುತ್ತೀಯೆ ಎಂದು ಸಂತೈಸುತ್ತಾನೆ. ಅನುಭವದ ಮಾತು, ಸುಳ್ಳಿರಲಾರದು. ಮುರಾಕಾಮಿ ಕಿಟಕಿಯ ಬಳಿ ನಿಂತಿದ್ದಾನೆ. ಅವನು ಒಪ್ಪಿದನೆಂದು ನನಗೆ ಇವತ್ತಿಗೂ ನಂಬಿಕೆಯಾಗಿಲ್ಲ.