ಮೇ 31 ಮತ್ತು ವಟನಬೆ ಸಾಹೇಬ್ರು

ಸರ್ಕಾರಿ ಕಚೇರಿಗಳಲ್ಲಿ ಮೇ 31 ಅಂದರೆ ಒಂದು ನಮೂನಿ ಜಾತ್ರೆ. ಕಾರಣ ಸರಳ. ನಮ್ಮ ತಲೆಮಾರಿನ ಬಹಳ ಮಂದಿಗೆ ಹುಟ್ಟಿದ ತಾರೀಖು ಕೊಟ್ಟವರು ಅವ್ವನೂ ಅಲ್ಲ, ಅಪ್ಪನೂ ಅಲ್ಲ, ಸಾಲಿ ಮಾಸ್ತರು. ಹೆಸರು ಹಚ್ಚುವ ದಿನ ವಯಸ್ಸು ಅಂದಾಜು ಮಾಡಿ ಜೂನ್ 1 ಅಂತ ಬರೆದುಬಿಟ್ಟರು. ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕು ಅನ್ನುವುದು ನಿಯಮ. ಹಾಗಾಗಿ 60 ತುಂಬಿದ ವರ್ಷ ಮೇ 31ರ ಸಂಜೆ ಸಾಲು ಸಾಲಾಗಿ ಎಲ್ಲರೂ ಎದ್ದು ಹೋಗುತ್ತಾರೆ. ಶಾಲು, ಮಾಲೆ, ಹಣ್ಣಿನ ಬುಟ್ಟಿ, ಆಮೇಲೆ ಭಾಷಣ. "ನಿವೃತ್ತಿ ಕೆಲಸಕ್ಕೆ, ಜೀವನಕ್ಕಲ್ಲ", "ಇವರ ಅನುಭವ ನಮಗೆ ಸದಾ ಬೇಕು". ಮರುದಿನ ಆ ಕುರ್ಚಿಯಲ್ಲಿ ಬೇರೆಯವರು ಕೂತಿರುತ್ತಾರೆ. ಅನುಭವ ಬೇಕು ಅಂದವರು ಫೋನ್ ಮಾಡಿದ್ದನ್ನು ನಾನಂತೂ ಹೆಚ್ಚು ಕಂಡಿಲ್ಲ.

ನಾನೂ ಜೂನ್ ಒಂದರ ಕೂಸೇ. ಕಂದಾಯ ಇಲಾಖೆ, ನನ್ನ ಸರದಿಗೆ ಇನ್ನು ಹದಿನಾಲ್ಕು ತಿಂಗಳು. ಅದಕ್ಕೇ ಈ ಚಳಿಗಾಲದಲ್ಲಿ ಮಗಳಿಂದ ಒಂದು ಪಟ್ಟಿ ಮಾಡಿಸಿಕೊಂಡು, ನಿವೃತ್ತಿ ಮತ್ತು ಮುಪ್ಪಿನ ಬಗ್ಗೆ ಬಂದ ಸಿನಿಮಾಗಳನ್ನು ಒಂದೊಂದಾಗಿ ನೋಡಿದೆ. ನೋಡನೋಡುತ್ತ ಒಂದು ಸಂಶಯ ಬಲಿಯಿತು. ಈ ಸಿನಿಮಾಗಳಲ್ಲಿ ಬಹಳಷ್ಟಕ್ಕೆ ಕೆಲಸ ಅಂದರೆ ಏನು ಅಂತಲೇ ಗೊತ್ತಿಲ್ಲ.

ಮೊದಲು ನಮ್ಮವು. 'ಬಾಗ್ಬಾನ್' (2003) ಎಲ್ಲರೂ ನೋಡಿದ್ದೇ, ಅದನ್ನೇ ಕನ್ನಡದಲ್ಲಿ ವಿಷ್ಣುವರ್ಧನ್ 'ಈ ಬಂಧನ' ಅಂತ ಮಾಡಿದರು. 'ಬಾಗ್ಬಾನ್'ನಲ್ಲಿ ಅಮಿತಾಭ್ ಬ್ಯಾಂಕಿನಿಂದ ನಿವೃತ್ತನಾಗುತ್ತಾನೆ. ಮಕ್ಕಳು ಅಪ್ಪ ಅವ್ವನನ್ನು ಪಾಲು ಮಾಡಿಕೊಂಡು ಬೇರೆ ಬೇರೆ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಥಿಯೇಟರ್ ತುಂಬ ಮೂಗು ಒರೆಸುವ ಸದ್ದು. ಆದರೆ ಆ ಮನುಷ್ಯ ಬ್ಯಾಂಕಿನಲ್ಲಿ ಅಷ್ಟು ವರ್ಷ ಏನು ಮಾಡುತ್ತಿದ್ದ? ಯಾವ ಸಾಲ ಕೊಟ್ಟ, ಯಾವುದನ್ನು ತಡೆದ, ಅವನು ಹೋದ ಮೇಲೆ ಅಲ್ಲಿ ಏನು ಕೆಟ್ಟಿತು? ಸಿನಿಮಾಕ್ಕೆ ಇದು ಬೇಡ. ಕೊನೆಗೆ ಅವನು ಪುಸ್ತಕ ಬರೆದು ದೊಡ್ಡ ಹೆಸರು ಮಾಡುತ್ತಾನೆ, ವೇದಿಕೆ ಹತ್ತಿ ಮಕ್ಕಳಿಗೆ ಮಾತಿನ ಏಟು ಕೊಡುತ್ತಾನೆ. ನಿವೃತ್ತನ ಉಪಯುಕ್ತತೆ ಇಲ್ಲಿ ಸೇಡು ತೀರಿಸಿಕೊಳ್ಳುವ ಸಾಧನ. ಪುಸ್ತಕ ಓಡದೇ ಹೋಗಿದ್ದರೆ ಮಕ್ಕಳು ಮಾಡಿದ್ದು ಸರಿ ಆಗುತ್ತಿತ್ತೇನು?

1958ರ 'ಸ್ಕೂಲ್ ಮಾಸ್ಟರ್' ಇದಕ್ಕಿಂತ ಎಷ್ಟೋ ವಾಸಿ. ಬಿ.ಆರ್. ಪಂತುಲು ಅವರೇ ನಿರ್ದೇಶಿಸಿ ಮೇಷ್ಟ್ರಾಗಿ ನಟಿಸಿದ ಚಿತ್ರ. ಇಲ್ಲೂ ಮಕ್ಕಳು ಕೈಬಿಡುತ್ತಾರೆ, ಆದರೆ ಕೈ ಹಿಡಿಯುವವನು ಹಳೇ ಶಿಷ್ಯ. ಕಣ್ಣೀರು ಇದ್ದರೂ ಒಂದು ಲೆಕ್ಕ ಸರಿ ಇದೆ: ಮೇಷ್ಟ್ರು ಜೀವಮಾನವಿಡೀ ಮಾಡಿದ ಕೆಲಸವೇ ನಡೆದುಕೊಂಡು ಬಂದು ಬಾಗಿಲು ಬಡಿಯುತ್ತದೆ. ಮೇಷ್ಟ್ರಿಗೆ ಈ ಅನುಕೂಲ ಉಂಟು. ಕಡತ ನೋಡುವ ಗುಮಾಸ್ತನ ಬಾಗಿಲು ಯಾರು ಬಡಿಯಬೇಕು?

ಆಮೇಲೆ 'ದಿ ಇಂಟರ್ನ್' (2015). ಮಗಳಿಗೆ ಬಹಳ ಇಷ್ಟದ ಸಿನಿಮಾ, ನನಗೂ ನೋಡುವಾಗ ಹಿತವಾಗಿಯೇ ಇತ್ತು. 70 ವರ್ಷದ ಬೆನ್, ರಾಬರ್ಟ್ ಡಿ ನಿರೋ, ಬ್ರೂಕ್ಲಿನ್‌ನಲ್ಲಿ ಆನ್‌ಲೈನ್ ಬಟ್ಟೆ ಮಾರುವ ಕಂಪನಿಗೆ ಹಿರಿಯ ಇಂಟರ್ನ್ ಆಗಿ ಸೇರುತ್ತಾನೆ. ಅವನು ಅಷ್ಟು ವರ್ಷ ದುಡಿದ ಟೆಲಿಫೋನ್ ಡೈರೆಕ್ಟರಿಯ ಕಾರ್ಖಾನೆ ಇದ್ದದ್ದು ಅದೇ ಕಟ್ಟಡದಲ್ಲಿ. ಎಂಥ ಒಳ್ಳೇ ಸಾಮಗ್ರಿ ನೋಡಿ! ಒಂದು ವ್ಯಾಪಾರ ಹುಟ್ಟಿ, ಬೆಳೆದು, ಕಾಲ ಬದಲಾಗಿ ಸತ್ತದ್ದನ್ನು ಕಣ್ಣಾರೆ ಕಂಡ ಮನುಷ್ಯ, ಈಗ ಅದೇ ನೆಲದ ಮೇಲೆ ಇನ್ನೊಂದು ವ್ಯಾಪಾರ ಬೆಳೆಯುವುದನ್ನು ನೋಡುತ್ತಿದ್ದಾನೆ. ಅವನಿಗೆ ಏನೇನು ಹೇಳುವುದಿರಬಹುದು! ಆದರೆ ನಿರ್ದೇಶಕಿ ನ್ಯಾನ್ಸಿ ಮೇಯರ್ಸ್ ಅವನ ಕೈಲಿ ಮಾಡಿಸುವುದು ಏನು? ಎಲ್ಲರೂ ಕಸ ಒಟ್ಟಿದ ಮೇಜನ್ನು ಓರಣ ಮಾಡುತ್ತಾನೆ. ಡ್ರೈವರ್ ಕುಡಿದದ್ದು ಕಂಡು ತಾನೇ ಕಾರು ಓಡಿಸುತ್ತಾನೆ. ಹುಡುಗರಿಗೆ ಕರವಸ್ತ್ರದ ಮಹತ್ವ ಹೇಳುತ್ತಾನೆ. ಗಿರಾಕಿಗಳ ಲೆಕ್ಕ ನೋಡುವ ಒಂದು ಸಣ್ಣ ದೃಶ್ಯ ಬರುತ್ತದೆ, ಬಂದಷ್ಟೇ ಬೇಗ ಹೋಗುತ್ತದೆ. ಮುದುಕ ಉಪಯುಕ್ತನಾಗಬೇಕಾದರೆ ಮೆತ್ತಗಿರಬೇಕು, ಯಾರ ಕುರ್ಚಿಗೂ ಅಡ್ಡ ಬರಬಾರದು, ಸಂಬಳ ಕೇಳಬಾರದು. ಇದು ಎಳೆಯರು ಹಿರಿಯರ ಬಗ್ಗೆ ಕಾಣುವ ಸಿಹಿ ಕನಸು. ತಪ್ಪೇನಿಲ್ಲ. ಆದರೆ ಅದನ್ನು ನಮಗೇ ಮಾದರಿ ಅಂತ ಕೊಟ್ಟರೆ ನಾನು ಒಪ್ಪುವುದಿಲ್ಲ.

'ಅಬೌಟ್ ಸ್ಮಿಟ್' (2002) ಇದಕ್ಕೆ ಪೂರ್ತಿ ತದ್ವಿರುದ್ಧ. ಒಮಾಹಾದ ವಿಮಾ ಕಂಪನಿಯಲ್ಲಿ ಯಾರು ಎಷ್ಟು ವರ್ಷ ಬದುಕಬಹುದು ಅಂತ ಲೆಕ್ಕ ಹಾಕುವವನು ವಾರನ್ ಸ್ಮಿಟ್, ಅಂದರೆ ಜ್ಯಾಕ್ ನಿಕಲ್ಸನ್. ಕೊನೆಯ ದಿನ ಖಾಲಿ ಕೋಣೆಯಲ್ಲಿ ಕೂತು ಗಡಿಯಾರಕ್ಕೆ ಐದು ಹೊಡೆಯುವುದನ್ನೇ ಕಾಯುತ್ತಾನೆ. ಬೀಳ್ಕೊಡುಗೆ ಊಟ, ಭಾಷಣ ಎಲ್ಲ ನಮ್ಮದೇ ಥರ, ಶಾಲೊಂದು ಇಲ್ಲ. ಕೆಲವು ದಿನ ಬಿಟ್ಟು ಏನಾದರೂ ಸಹಾಯ ಬೇಕಾ ಅಂತ ಕೇಳಲು ಕಚೇರಿಗೆ ಹೋಗುತ್ತಾನೆ. ಅವನ ಜಾಗಕ್ಕೆ ಬಂದ ಹುಡುಗ ಬಹಳ ಮರ್ಯಾದೆಯಿಂದ, ಏನೂ ಬೇಡ, ಎಲ್ಲ ಸುಗಮ ಅನ್ನುತ್ತಾನೆ. ಹೊರಗೆ ಬರುವಾಗ ಕಸದ ಪಕ್ಕ ತನ್ನ ಕಡತದ ಪೆಟ್ಟಿಗೆಗಳನ್ನು ಕಾಣುತ್ತಾನೆ. ಮನೆಗೆ ಬಂದು ಹೆಂಡತಿಗೆ ಹೇಳುವುದೇನು? ಹೋದದ್ದೇ ಒಳ್ಳೇದಾಯಿತು, ಅಲ್ಲಿ ಒಂದೆರಡು ವಿಷಯಕ್ಕೆ ನಾನೇ ಬೇಕಾಗಿತ್ತು ಅಂತ. ಈ ಸುಳ್ಳು ಕೇಳಿ ನಾನು ಸಿನಿಮಾ ನಿಲ್ಲಿಸಿ ಚಹಾ ಮಾಡಿಕೊಂಡು ಬಂದೆ. ನಿವೃತ್ತಿಯ ಬಗ್ಗೆ ಇಷ್ಟು ನಿಜವಾದ ಇನ್ನೊಂದು ದೃಶ್ಯ ನಾನು ನೋಡಿಲ್ಲ.

ಆದರೂ ಒಂದು ತಕರಾರು. ಆ ಪೆಟ್ಟಿಗೆಯೊಳಗೆ ಏನಿತ್ತು? ಅದು ನಿಜವಾಗಿಯೂ ಕಸವೇ, ಇಲ್ಲಾ ಆ ಹುಡುಗನಿಗೆ ಬೆಲೆ ತಿಳಿಯಲಿಲ್ಲವೇ? ನಿರ್ದೇಶಕ ಅಲೆಕ್ಸಾಂಡರ್ ಪೇನ್ ಮುಚ್ಚಳ ತೆಗೆಯುವುದೇ ಇಲ್ಲ. ಸ್ಮಿಟ್‌ನ ಬದುಕು ಟೊಳ್ಳು ಅಂತ ಮೊದಲೇ ತೀರ್ಮಾನಿಸಿದ ಸಿನಿಮಾ, ಅವನ ಕೆಲಸವನ್ನೂ ಟೊಳ್ಳು ಅಂತ ಲೆಕ್ಕಕ್ಕೆ ಹಿಡಿದುಬಿಡುತ್ತದೆ.

ಆ ಮುಚ್ಚಳ ತೆಗೆದವನು ಕುರೊಸಾವಾ, ಅದೂ ಇವರೆಲ್ಲರಿಗಿಂತ ಎಷ್ಟೋ ಮೊದಲು, 1952ರಲ್ಲಿ. 'ಇಕಿರು' ಬಗ್ಗೆ ಓದಿದಾಗಲೆಲ್ಲ ಅದು ಸಾವಿನ ಬಗ್ಗೆ, ಬದುಕಿನ ಅರ್ಥದ ಬಗ್ಗೆ ಇರುವ ಸಿನಿಮಾ ಅಂತಲೇ ಇರುತ್ತದೆ. ಇರಲಿ. ನನ್ನ ಕಣ್ಣಿಗೆ ಅದು ಮೊದಲು ಕಚೇರಿಯ ಸಿನಿಮಾ. ವಟನಬೆ ನಗರಸಭೆಯಲ್ಲಿ ನಾಗರಿಕರ ಅಹವಾಲು ವಿಭಾಗದ ಮುಖ್ಯಸ್ಥ. 30 ವರ್ಷದ ಹತ್ತಿರ ಸೇವೆ, ರಜೆ ಹಾಕಿದವನಲ್ಲ. ಶುರುವಿನಲ್ಲೇ ಅವನು ಡ್ರಾಯರ್ ಎಳೆದು ಒಳಗಿನ ಹಳೇ ಕಾಗದದ ಕಟ್ಟಿನಿಂದ ಒಂದು ಹಾಳೆ ಹರಿದು ತನ್ನ ಮೊಹರು ಒರೆಸಿಕೊಳ್ಳುತ್ತಾನೆ. ಆ ಕಟ್ಟು ಏನು ಗೊತ್ತೇ? ಕಚೇರಿ ಕೆಲಸವನ್ನು ಸುಧಾರಿಸುವುದು ಹೇಗೆ ಅಂತ ವಯಸ್ಸಿನಲ್ಲಿದ್ದಾಗ ಅವನೇ ಬರೆದಿದ್ದ ಯೋಜನೆ. ಈ ಒಂದು ದೃಶ್ಯದ ಮುಂದೆ ಸ್ಮಿಟ್‌ನ ಪೆಟ್ಟಿಗೆಗಳು ಸಪ್ಪೆ.

ಊರಿನ ಹೆಂಗಸರು ಕೊಳಚೆ ಗುಂಡಿ ಮುಚ್ಚಿಸಿ ಮಕ್ಕಳಿಗೆ ಆಡಲು ಜಾಗ ಮಾಡಿ ಕೊಡಿ ಅಂತ ಅರ್ಜಿ ತರುತ್ತಾರೆ. ಅರ್ಜಿ ಆ ವಿಭಾಗದಿಂದ ಈ ವಿಭಾಗ, ಈ ವಿಭಾಗದಿಂದ ಮತ್ತೊಂದು, ಹೀಗೆ ಇಡೀ ನಗರಸಭೆ ಸುತ್ತಿ ಹೊರಟ ಜಾಗಕ್ಕೇ ಬರುತ್ತದೆ. ಇದನ್ನು ನೋಡಿ ನಗುವವರು ನಗಲಿ, ನನಗೆ ನಗು ಬರಲಿಲ್ಲ. ನಾನು ಆ ಕೌಂಟರಿನ ಒಳಗಿನವನು.

ಹೊಟ್ಟೆಯ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ವಟನಬೆ ಕುಡಿದು ನೋಡುತ್ತಾನೆ, ತಿರುಗಿ ನೋಡುತ್ತಾನೆ. ಮಗ ಸೊಸೆ ಅವನ ನಿವೃತ್ತಿ ಹಣದ ಮೇಲೆ ಕಣ್ಣಿಟ್ಟು ಮಾತಾಡುವುದನ್ನು ಕತ್ತಲಲ್ಲಿ ಕೂತು ಕೇಳಿಸಿಕೊಳ್ಳುತ್ತಾನೆ. ಗಮನಿಸಿ, 'ಬಾಗ್ಬಾನ್' ಇಡೀ ಸಿನಿಮಾ ಮಾಡಿದ್ದನ್ನು ಕುರೊಸಾವಾ ಕೆಲವೇ ನಿಮಿಷದಲ್ಲಿ ಮುಗಿಸಿ ಮುಂದೆ ಹೋಗುತ್ತಾನೆ. ಕಚೇರಿ ಬಿಟ್ಟು ಗೊಂಬೆ ಕಾರ್ಖಾನೆ ಸೇರಿದ ಒಬ್ಬ ಹುಡುಗಿಯ ಮಾತಿನಿಂದ ವಟನಬೆಗೆ ಏನೋ ಹೊಳೆಯುತ್ತದೆ. ಹೊಳೆದ ಮೇಲೆ ಅವನು ಹೋಗುವುದು ಎಲ್ಲಿಗೆ? ತನ್ನ ಹಳೇ ಟೇಬಲ್ಲಿಗೇ. ಆ ಹೆಂಗಸರ ಅರ್ಜಿ ಹುಡುಕಿ ತೆಗೆಯುತ್ತಾನೆ.

ಇಲ್ಲಿಂದ ಮುಂದೆ ಅವನು ಮಾಡುವ ಕೆಲಸ ನೋಡಿ. ಅವನಿಗೆ ಹೊಸ ವಿದ್ಯೆ ಏನೂ ಬಂದಿಲ್ಲ. ಪಾರ್ಕ್ ವಿಭಾಗದ ಮುಖ್ಯಸ್ಥನ ಎದುರು ಹೋಗಿ ನಿಲ್ಲುತ್ತಾನೆ, ಅವನು ಸಹಿ ಹಾಕುವ ತನಕ ಕದಲುವುದಿಲ್ಲ. ಕೆಳಗಿನ ಗುಮಾಸ್ತರಿಗೂ ಬಾಗುತ್ತಾನೆ. ಉಪಮೇಯರ್ ಗದರಿಸಿದರೂ ಅಲ್ಲೇ ಇರುತ್ತಾನೆ. ಆ ಜಾಗದ ಮೇಲೆ ಕಣ್ಣಿಟ್ಟ ರೌಡಿಗಳು ಹೆದರಿಸಿದರೂ ಜಗ್ಗುವುದಿಲ್ಲ. ಇದನ್ನು ಸಂತನ ತಾಳ್ಮೆ ಅಂತ ವಿಮರ್ಶಕರು ಬರೆದರೆ ಬರೆಯಲಿ, ನಮ್ಮ ಭಾಷೆಯಲ್ಲಿ ಇದಕ್ಕೆ 'ಕಡತ ಬೆನ್ನತ್ತೋದು' ಅಂತಾರೆ. ಕಡತ ಯಾವ ಟೇಬಲ್ ಮೇಲೆ ಮಲಗುತ್ತದೆ, ಯಾರು ಊಟಕ್ಕೆ ಮೊದಲು ಸಹಿ ಹಾಕುತ್ತಾರೆ, ಯಾರ ಎದುರು ಕೂರಬಾರದು, ನಿಂತೇ ಇರಬೇಕು. ಇದೆಲ್ಲ 30 ವರ್ಷ ಕಡತಗಳನ್ನು ತಡೆದು ತಡೆದೇ ಅವನು ಕಲಿತ ವಿದ್ಯೆ. ತಡೆಯಲು ಬಂದವನಿಗೆ ತಳ್ಳಲೂ ಬರುತ್ತದೆ. ಜಪಾನಿನ ಆ ಕಾರಿಡಾರ್‌ಗಳಲ್ಲಿ ವಟನಬೆ ಬೆನ್ನು ಬಾಗಿಸಿ ಕಾಯುವಾಗ ನನಗೆ ಕಂಡದ್ದು ನಮ್ಮ ತಾಲೂಕು ಕಚೇರಿಯ ಪಡಸಾಲೆ.

ಇನ್ನೊಂದು ಮಾತು. ಅವನು ಇದನ್ನೆಲ್ಲ ಮಾಡಲು ಸಾಧ್ಯವಾದದ್ದು ಅವನಿನ್ನೂ ನಿವೃತ್ತನಾಗಿರಲಿಲ್ಲ ಅನ್ನುವ ಕಾರಣಕ್ಕೆ. ಮೊಹರು ಕೈಯಲ್ಲಿತ್ತು. ಸ್ಮಿಟ್‌ಗೆ ಇದ್ದದ್ದು ತಿಳಿವಳಿಕೆ ಮಾತ್ರ, ಕುರ್ಚಿ ಹೋಗಿತ್ತು. ಕುರ್ಚಿ ಹೋದ ಮೇಲಿನ ತಿಳಿವಳಿಕೆಗೆ ಕಚೇರಿಯಲ್ಲಿ ಕೊಡುವುದು ಒಂದು ಕಪ್ ಚಹಾ. ಹಾಗಾಗಿ ನಿವೃತ್ತರಿಗೆ 'ಇಕಿರು' ತೋರಿಸುವುದರಲ್ಲಿ ಅರ್ಥ ಕಡಿಮೆ ಅಂತ ನನಗನಿಸುತ್ತದೆ. ಅದನ್ನು ತೋರಿಸಬೇಕಾದ್ದು ಇನ್ನೂ ವರ್ಷ ಎರಡು ವರ್ಷ ಸರ್ವೀಸ್ ಉಳಿದವರಿಗೆ, 'ಇನ್ನೇನು, ಹೊತ್ತು ಹಾಕೋದು' ಅಂತ ಕೂತವರಿಗೆ. ನನ್ನ ಓರಗೆಯವರಲ್ಲಿ ಅಂಥವರು ಕಡಿಮೆ ಇಲ್ಲ.

ಇಷ್ಟಾದರೂ ಕುರೊಸಾವಾ ನಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಸಿನಿಮಾ ಇನ್ನೂ ಬೇಕಾದಷ್ಟು ಇರುವಾಗಲೇ ವಟನಬೆ ಸತ್ತುಹೋಗಿರುತ್ತಾನೆ. ಉಳಿದದ್ದು ಶ್ರದ್ಧಾಂಜಲಿಯ ರಾತ್ರಿ. ಉಪಮೇಯರ್ ಬಂದು ಪಾರ್ಕಿನ ಶ್ರೇಯಸ್ಸು ತನ್ನದು ಎಂಬಂತೆ ಮಾತಾಡುತ್ತಾನೆ. ಆ ಹೆಂಗಸರು ಬಂದು ಊದುಬತ್ತಿ ಹಚ್ಚಿ ಅತ್ತಾಗ ಅವನ ಬಾಯಿ ಕಟ್ಟುತ್ತದೆ. ಅವನು ಎದ್ದು ಹೋದ ಮೇಲೆ ಗುಮಾಸ್ತರು ಕುಡಿಯುತ್ತ ಕುಡಿಯುತ್ತ ಒಂದೊಂದೇ ನೆನಪು ಹೊರಗೆ ಹಾಕಿ, ನಾವೂ ಹಾಗೇ ಇರೋಣ ಅಂತ ಆಣೆ ಮಾಡುತ್ತಾರೆ. ಈ ಭಾಗ ಉದ್ದವಾಯಿತು ಅನ್ನುವವರಿದ್ದಾರೆ. ನನಗೂ ಮೊದಲ ಸಲ ಹಾಗೇ ಅನಿಸಿತ್ತು, ಎರಡನೇ ಸಲ ಅನಿಸಲಿಲ್ಲ. ಬೀಳ್ಕೊಡುಗೆ ಭಾಷಣಗಳು ಅಷ್ಟೇ ಉದ್ದ ಇರುತ್ತವೆ. ಮರುದಿನ ಕಚೇರಿಯಲ್ಲಿ ಹೊಸ ಮುಖ್ಯಸ್ಥನ ಎದುರು ಒಂದು ಅರ್ಜಿ ಬರುತ್ತದೆ. ಬೇರೆ ವಿಭಾಗಕ್ಕೆ ಹೋಗಲು ಹೇಳುತ್ತಾರೆ. ಕಿಮುರಾ ಅನ್ನುವ ಒಬ್ಬ ಗುಮಾಸ್ತ ತಟ್ಟನೆ ಎದ್ದು ನಿಲ್ಲುತ್ತಾನೆ, ಎಲ್ಲರೂ ಅವನತ್ತ ನೋಡುತ್ತಾರೆ, ಮೆಲ್ಲಗೆ ಕೂರುತ್ತಾನೆ. ಕಡತದ ರಾಶಿಯ ಹಿಂದೆ ಅವನ ಮುಖ ಕಾಣದಾಗುತ್ತದೆ.

ಯಾಕೆ ಹೀಗಾಯಿತು? ಗುಮಾಸ್ತರು ಹೇಡಿಗಳು ಅನ್ನುವುದು ಸುಲಭದ ಉತ್ತರ. ವಟನಬೆ ಎಲ್ಲವನ್ನೂ ತಾನೇ ಮಾಡಿದ, ತನಗೇನಾಗಿದೆ ಅಂತ ಕಚೇರಿಯಲ್ಲಿ ಯಾರಿಗೂ ಹೇಳಲಿಲ್ಲ, ಆ ವಿದ್ಯೆಯನ್ನು ಯಾರಿಗೂ ಕಲಿಸಲಿಲ್ಲ. ಅವನಿಗೆ ಸಮಯವಿರಲಿಲ್ಲ, ನಿಜ. ನಮಗೆ ಆ ನೆಪವಿಲ್ಲ.

ನಾನು ಹಿಂದೆ ಇದ್ದ ಒಂದು ಕಚೇರಿಯಲ್ಲಿ ರೆಕಾರ್ಡ್ ರೂಮ್ ನೋಡಿಕೊಳ್ಳುವ ಹಿರಿಯರೊಬ್ಬರಿದ್ದರು. ನಮ್ಮ ಕಡೆಯ ಹಳೇ ಜಮೀನು ದಾಖಲೆಗಳಲ್ಲಿ ಎಷ್ಟೋ ಮೋಡಿ ಲಿಪಿಯಲ್ಲಿವೆ. 'ಭೂಮಿ' ಬಂದ ಮೇಲೆ ಪಹಣಿ ಕಂಪ್ಯೂಟರಿನಿಂದ ಬರುತ್ತದೆ, ಆದರೆ ವಾಟ್ನಿ ತಕರಾರು ಕೋರ್ಟಿಗೆ ಹೋಗಿ ಅಜ್ಜನ ಕಾಲದ ಕಾಗದ ಕೇಳಿದರೆ ಕಂಪ್ಯೂಟರ್ ಸುಮ್ಮನೆ ಕೂರುತ್ತದೆ. ಅದನ್ನು ಓದುವವರು ಅವರೊಬ್ಬರೇ. ನಿವೃತ್ತರಾದ ಮೇಲೂ ಆಟೋ ಕಳಿಸಿ ಕರೆಸುತ್ತಿದ್ದರು. ಅವರು ಸರ್ವೀಸಿನಲ್ಲಿದ್ದಾಗ ನಾನು ಎರಡು ಸಲ ಕೇಳಿದ್ದೆ, "ನನಗಷ್ಟು ಓದೂದು ಕಲಸ್ರೀ ಸರ" ಅಂತ. "ನಿಮಗ್ಯಾಕ್ ಬೇಕ್ರಿ ಅದು? ನಾ ಅದೀನಲ್ಲ" ಅಂದರು. ಅವರು ಹೋಗಿ ಐದು ವರ್ಷವಾಯಿತು. ಆ ಕಟ್ಟುಗಳು ಬಟ್ಟೆಯಲ್ಲಿ ಹಾಗೇ ಇವೆ. ಉಪಯುಕ್ತರಾಗಿ ಉಳಿಯುವ ದಾರಿಗಳಲ್ಲಿ ಇದೂ ಒಂದು, ಬಹಳ ಜನ ಹಿಡಿಯುವ ದಾರಿ. ಅದರ ಬಗ್ಗೆ ಸಿನಿಮಾ ಯಾರೂ ಮಾಡಿಲ್ಲ.

'ಇಕಿರು'ವನ್ನು 2022ರಲ್ಲಿ ಇಂಗ್ಲಿಷಿನಲ್ಲಿ 'ಲಿವಿಂಗ್' ಅಂತ ಮಾಡಿದರು. 1953ರ ಲಂಡನ್, ಬಿಲ್ ನೈ ನಾಯಕ, ಚಿತ್ರಕಥೆ ಕಾದಂಬರಿಕಾರ ಕಜುವೊ ಇಶಿಗುರೊ ಅವರದು. ಮೂಲಕ್ಕಿಂತ ಚಿಕ್ಕದು, ನಯವಾದದ್ದು, ಕೊಳಚೆಯ ವಾಸನೆ ಕಡಿಮೆ. ಆದರೆ ಇಶಿಗುರೊ ಒಂದು ಹೊಸ ಸಂಗತಿ ಸೇರಿಸಿದ್ದಾರೆ: ಸಾಯುವ ಅಧಿಕಾರಿ ತನ್ನ ಕೈಕೆಳಗಿನ ಎಳೆಯ ಗುಮಾಸ್ತನಿಗೆ ಒಂದು ಪತ್ರ ಬಿಟ್ಟುಹೋಗುತ್ತಾನೆ. ಕುರೊಸಾವಾ ಖಾಲಿ ಬಿಟ್ಟ ಜಾಗಕ್ಕೇ ಬಂದ ಪತ್ರ ಇದು ಅಂತ ನಾನು ಎದ್ದು ಕೂತೆ. ಪತ್ರ ಚೆನ್ನಾಗಿದೆ. ಉತ್ಸಾಹ ಕುಂದಿದಾಗ ಆ ಆಟದ ಮೈದಾನವನ್ನು ನೆನೆಸಿಕೋ ಅನ್ನುವ ಅರ್ಥದ ಮಾತುಗಳಿವೆ. ಆದರೆ ಅದರಲ್ಲಿ ಯಾವ ವಿಭಾಗಕ್ಕೆ ಎಷ್ಟು ಗಂಟೆಗೆ ಹೋಗಬೇಕು, ಯಾವ ಸಾಹೇಬನ ಎದುರು ಎಷ್ಟು ಹೊತ್ತು ನಿಲ್ಲಬೇಕು ಅನ್ನುವ ಒಂದು ಸಾಲೂ ಇಲ್ಲ. ಕಿಮುರಾನಿಗೆ ಬೇಕಾಗಿದ್ದದ್ದು ಅದು.