500 ಪ್ರತಿಗಳ ಶಿಫಾರಸು

ಕನ್ನಡದ 'ಶಿಫಾರಸು', ಉರ್ದುವಿನ 'ಸಿಫಾರಿಶ್' ಎರಡೂ ಒಂದೇ ಪದ. ಎರಡು ಭಾಷೆಯಲ್ಲೂ ಅದಕ್ಕೆ ಸ್ವಲ್ಪ ಕೆಟ್ಟ ಹೆಸರಿದೆ. ಸೀಟಿಗೋ ಕೆಲಸಕ್ಕೋ ದೊಡ್ಡವರಿಂದ ತರುವ ಚೀಟಿ ಅಂತಲೇ ನಮ್ಮ ಮನಸ್ಸಿಗೆ ಬರುತ್ತೆ. ಸಂಗೀತದಲ್ಲಿ ಮಾತ್ರ ಇದು ಉಲ್ಟಾ. ಯಾವ ದೊಡ್ಡವರ ಬೆಂಬಲವೂ ಇಲ್ಲದ ಬ್ಯಾಂಡನ್ನು ಎಷ್ಟೋ ಸಲ ಉಳಿಸುವುದು, "ಇದನ್ನ ಒಮ್ಮೆ ಕೇಳಿ" ಅನ್ನುವ ಸಾಮಾನ್ಯರ ಶಿಫಾರಸು.

ಗೈಡೆಡ್ ಬೈ ವಾಯ್ಸಸ್ ಬ್ಯಾಂಡನ್ನೇ ನೋಡಿ. ಅಮೆರಿಕದ ಒಹಾಯೊ ರಾಜ್ಯದ ಡೇಟನ್‌ನವರು. ಮುಖ್ಯ ಹಾಡುಗಾರ ರಾಬರ್ಟ್ ಪೊಲಾರ್ಡ್ ಆಗ ನಾಲ್ಕನೇ ಕ್ಲಾಸಿನ ಮೇಷ್ಟ್ರಾಗಿದ್ದರು. (ಟೀಚರ್ ಆದ ನನಗೆ ಈ ಬ್ಯಾಂಡಿನ ಮೇಲೆ ಪಕ್ಷಪಾತ ಯಾಕೆ ಅಂತ ಗೊತ್ತಾಯ್ತಲ್ಲ.) ಸ್ವಂತ ದುಡ್ಡಿನಲ್ಲಿ ಆಲ್ಬಂ ಮೇಲೆ ಆಲ್ಬಂ ತಂದರೂ ಕೇಳುವವರಿರಲಿಲ್ಲ. 1992ರಲ್ಲಿ, ಇದೇ ಕೊನೆಯದು ಅಂದುಕೊಂಡು 'ಪ್ರೊಪೆಲರ್' ತಂದರು. ಬರೀ 500 ಪ್ರತಿ, ಒಂದೊಂದಕ್ಕೂ ಕೈಯಿಂದ ಮಾಡಿದ ಬೇರೆ ಬೇರೆ ರಟ್ಟು. ಆ ಪ್ರತಿಗಳು ಕೈಯಿಂದ ಕೈಗೆ ಹೋದವು. ಕೊನೆಯದಾಗಬೇಕಿದ್ದ ಆಲ್ಬಂ ಕೊನೆಯದಾಗಲಿಲ್ಲ. 1994ರಲ್ಲಿ ಸ್ಕ್ಯಾಟ್ ರೆಕಾರ್ಡ್ಸ್ ಅನ್ನುವ ಪುಟ್ಟ ಸಂಸ್ಥೆಯಿಂದ 'ಬೀ ಥೌಸಂಡ್' ಬಂತು.

ನಿಮಗೆ ನಾನು ಕೊಡುತ್ತಿರುವುದು ಈ 'ಬೀ ಥೌಸಂಡ್'. ಸುಮಾರು 36 ನಿಮಿಷದಲ್ಲಿ 20 ಹಾಡು. ಹೆಚ್ಚಿನದನ್ನು ಮನೆಯಲ್ಲೇ, ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರಿನಲ್ಲಿ ಮಾಡಿದ್ದು. ಟೇಪಿನ ಸುಯ್ ಅನ್ನುವ ಸದ್ದು ಉದ್ದಕ್ಕೂ ಇದೆ. ಮೊದಲ ಹಾಡಿನ ನಡುವೆ ಒಂದು ಗಿಟಾರ್ ಇದ್ದಕ್ಕಿದ್ದಂತೆ ಮಾಯವಾಗುತ್ತೆ. ಅದನ್ನು ಹಾಗೇ ಬಿಟ್ಟಿದ್ದಾರೆ. ನನ್ನ ಒಂಬತ್ತನೇ ಕ್ಲಾಸಿನವರು ಇದನ್ನು ಕೇಳಿ, "ಮಿಸ್, ಫೈಲ್ ಹಾಳಾಗಿದೆಯಾ?" ಅಂದರು.

ಫೈಲ್ ಸರಿಯಾಗಿಯೇ ಇದೆ. ಆದರೆ ಒರಟಾಗಿದ್ದರೆ ಒಳ್ಳೆಯದು ಅಂತಲ್ಲ. ಈಗಂತೂ ಸಾಫ್ಟ್‌ವೇರಿನಿಂದ ಆ ಸುಯ್ ಸದ್ದನ್ನು ಮೇಲಿಂದ ಬಳಿದು ಲೋ-ಫೈ ಅಂತ ಕೊಡುವವರು ಬೇಕಾದಷ್ಟು ಜನ. ಪರೀಕ್ಷೆ ಸುಲಭ: ಪಾತ್ರೆ ತೊಳೆಯುವಾಗ ಗುನುಗಿ ನೋಡಿ. ಸದ್ದೆಲ್ಲ ಕಳೆದ ಮೇಲೂ ರಾಗ ನಿಲ್ಲುತ್ತಾ? 'ಐ ಆಮ್ ಎ ಸೈಂಟಿಸ್ಟ್' ನಿಲ್ಲುತ್ತೆ, 'ಎಕೋಸ್ ಮೈರನ್' ಇನ್ನೂ ಗಟ್ಟಿಯಾಗಿ ನಿಲ್ಲುತ್ತೆ. ಆ ಕ್ಯಾಸೆಟ್ಟಿನ ಧೂಳಿನ ಕೆಳಗೆ ಬೀಟಲ್ಸ್ ಕಾಲದ ಬ್ರಿಟಿಷ್ ಪಾಪ್‌ನ ಸಿಹಿ ಇದೆ. ಹಲವು ಹಾಡು ಎರಡು ನಿಮಿಷವೂ ಇಲ್ಲ. ಮುಷಾಯಿರಾದಲ್ಲಿ ಒಳ್ಳೆ ಶೇರ್ ಮುಗಿದಾಗ "ಮುಕರ್ರರ್" ಅಂತ ಕೂಗುತ್ತೇವಲ್ಲ, ಹಾಗೆ ಮತ್ತೆ ಕೇಳಬೇಕು ಅನ್ನಿಸುವಷ್ಟರಲ್ಲಿ ಮುಗಿದಿರುತ್ತೆ. ಎಲ್ಲವೂ ಹಾಗಿಲ್ಲ. ಪೊಲಾರ್ಡ್‌ಗೆ ಬರೆದದ್ದನ್ನು ಬಿಸಾಕುವ ಅಭ್ಯಾಸ ಕಡಿಮೆ. ಐದಾರು ಹಾಡು ಬರೀ ತುಣುಕುಗಳು, ಇಲ್ಲದಿದ್ದರೂ ನಷ್ಟವಿರಲಿಲ್ಲ.

ಆದರೂ ಮಕ್ಕಳಿಗೆ ಇದನ್ನೇ ಕೇಳಿಸುತ್ತೇನೆ. ಫೋನಿನಲ್ಲಿ ತಮ್ಮ ಹಾಡು ರೆಕಾರ್ಡ್ ಮಾಡಿ, "ಕ್ವಾಲಿಟಿ ಇಲ್ಲ ಮಿಸ್" ಅಂತ ಅಳಿಸಿಹಾಕುವ ಹುಡುಗಿಯರು ನನ್ನ ಕ್ಲಾಸಿನಲ್ಲಿದ್ದಾರೆ. ಅವರ ಕೈಯಲ್ಲಿರುವ ಫೋನು ಆ ಮೇಷ್ಟ್ರ ಯಂತ್ರಕ್ಕಿಂತ ಎಷ್ಟೋ ವಾಸಿ.

ಇನ್ನು ಹೊಸ ಬ್ಯಾಂಡ್ ಹುಡುಕುವುದು ಹೇಗೆ? ಆ್ಯಪ್ ತಾನಾಗಿ ಕೊಡುವ ಪಟ್ಟಿ ನೀವು ಈಗಾಗಲೇ ಕೇಳಿದ್ದರ ಸುತ್ತಲೇ ಸುತ್ತುತ್ತೆ. ನನಗೆ ಬ್ಯಾಂಡ್‌ಕ್ಯಾಂಪ್ ಮೇಲು. ಅಲ್ಲಿ ಆಲ್ಬಂ ಪುಟದಲ್ಲೇ ಕೊಂಡವರ ಚಿತ್ರಗಳಿರುತ್ತವೆ. ಒಂದನ್ನು ಒತ್ತಿದರೆ ಅವರು ಕೊಂಡ ಬೇರೆ ಆಲ್ಬಂಗಳು ಕಾಣುತ್ತವೆ. ಅಂದರೆ ಶಿಫಾರಸಿನ ಹಿಂದೆ ದುಡ್ಡು ಕೊಟ್ಟ ಒಬ್ಬ ಮನುಷ್ಯ ಇದ್ದಾನೆ.

ಹತ್ತಿರದ್ದೇ ಬೇಕೆಂದರೆ ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ ಅನ್ನುವ ಬ್ಯಾಂಡ್ ಇದೆ. 2019ರ ಅವರ ಆಲ್ಬಮಿನ ಹೆಸರು 'ಬಿಸ್ಮಿಲ್ಲಾ'. ನಮ್ಮಲ್ಲಿ ಕೆಲವರಿಗೆ ಆ ಹೆಸರು ಇರುಸುಮುರುಸು ತರಬಹುದು. ಹಾಡು ಕೇಳಿದ ಮೇಲೆ ತೀರ್ಮಾನ ಮಾಡಿ. ಇದು ಲೋ-ಫೈ ಅಲ್ಲ, ಸದ್ದು ಹದವಾಗಿದೆ, ಜಾಝ್ ನೆರಳಿದೆ. ಉದ್ದದ 'ಮೆಮೊರಿ ಬಾಕ್ಸ್' ಆಮೇಲಿಗಿರಲಿ. 'ಫ್ಲೋಟೆಡ್ ಬೈ' ಮೊದಲು, ರಾತ್ರಿ, ಇಯರ್‌ಫೋನ್ ಹಾಕಿಕೊಂಡು.