ಪೀಪಾಯಿ ತುಂಬಿಸಿದವರು ಯಾರು?

ಸಮುದ್ರಯಾನದ ಪುಸ್ತಕ ಅಂದ ಕೂಡಲೇ ನಮಗೆ ಬಿರುಗಾಳಿ, ತಿಮಿಂಗಿಲ, ಕಡಲ್ಗಳ್ಳರು ನೆನಪಾಗುತ್ತಾರೆ. ಆದರೆ ಹಾಯಿದೋಣಿಯನ್ನೇ ಮನೆ ಮಾಡಿಕೊಂಡು ತಿಂಗಳುಗಟ್ಟಲೆ ಕಡಲಲ್ಲಿ ಬದುಕಿದವರು ಬರೆದ ಪುಸ್ತಕಗಳನ್ನು ಓದುತ್ತ ಹೋದ ಹಾಗೆ ನನಗೆ ಕಂಡದ್ದು ಬೇರೆ. ಬಿರುಗಾಳಿ ಅವರಿಗೆ ಯಾವಾಗಲೋ ಒಮ್ಮೆ ಬರುವ ನೆಂಟ. ಬಟಾಟೆಯ ಚಿಂತೆ ಮಾತ್ರ ದಿನಾ ಉಂಟು. ನೀರು ಎಷ್ಟು ಉಳಿಯಿತು, ಹಿಟ್ಟಿಗೆ ಹುಳ ಬಿತ್ತೋ, ಮುಂದಿನ ದ್ವೀಪದಲ್ಲಿ ಏನು ಸಿಕ್ಕೀತು ಎಂಬ ಲೆಕ್ಕದಲ್ಲೇ ಅವರ ದಿನ ಹೋಗುತ್ತದೆ. ನಮ್ಮ ಕಡೆಯ ಓದುಗರಿಗೆ ಇದು ಅರ್ಥವಾಗದ ಸಂಗತಿಯಲ್ಲ. ಮೇ ತಿಂಗಳು ಮುಗಿಯುವುದರೊಳಗೆ ಹಪ್ಪಳ ಒಣಗಿಸಿ, ಹಲಸಿನ ಸೊಳೆಯನ್ನು ಉಪ್ಪಿಗೆ ಹಾಕಿ, ಒಣಮೀನು ಕಟ್ಟಿಟ್ಟು, ಸೌದೆ ಒಳಗೆ ಸೇರಿಸಿ ಮಳೆಗಾಲ ದಾಟಿಸಿದ ಮನೆಗಳು ನಮ್ಮವು. ದೋಣಿಯವನ ಲೆಕ್ಕವೂ ಅದೇ. ಅವನ ಅಂಗಳದಲ್ಲಿ ಮಣ್ಣಿನ ಬದಲು ನೀರು ಅಷ್ಟೆ.

ಹಾಗಾಗಿ ಇಂಥ ಎರಡು ಹೆಸರಾಂತ ಇಂಗ್ಲಿಷ್ ಪುಸ್ತಕಗಳನ್ನು ನಾನು ಅವುಗಳ ಜೀನಸಿನ ಪಟ್ಟಿಯಿಂದಲೇ ಓದಿ ನೋಡಿದ್ದೇನೆ. ಒಂದು, ಜೋಶುವಾ ಸ್ಲೋಕಂ ಎಂಬ ನಾವಿಕ ಒಬ್ಬನೇ ಭೂಮಿ ಸುತ್ತಿ ಬಂದು 1900ರಲ್ಲಿ ಪ್ರಕಟಿಸಿದ 'ಸೇಲಿಂಗ್ ಅಲೋನ್ ಅರೌಂಡ್ ದ ವರ್ಲ್ಡ್'. ಇನ್ನೊಂದು, ಕಾದಂಬರಿಕಾರ ಜಾಕ್ ಲಂಡನ್ ಬರೆದು 1911ರಲ್ಲಿ ಬಂದ 'ದ ಕ್ರೂಸ್ ಆಫ್ ದ ಸ್ನಾರ್ಕ್'. ಇಬ್ಬರೂ ಅಮೆರಿಕದವರು. ಇಬ್ಬರೂ ಶಾಂತ ಮಹಾಸಾಗರದ ಬಿಸಿಲ ದ್ವೀಪಗಳಲ್ಲಿ ನೀರು, ಹಣ್ಣು, ಕೋಳಿ ತುಂಬಿಸಿಕೊಂಡು ಮುಂದೆ ಹೋದವರು.

ಸ್ಲೋಕಂನ ದೋಣಿಯ ಹೆಸರು 'ಸ್ಪ್ರೇ'. ಹಳೆಯ ಚಿಪ್ಪುಮೀನಿನ ದೋಣಿಯೊಂದನ್ನು ಹೊಲದಲ್ಲಿ ನಿಲ್ಲಿಸಿಕೊಂಡು ಹದಿಮೂರು ತಿಂಗಳು ಸ್ವಂತ ಕೈಯಿಂದ ಹೊಸದು ಮಾಡಿದ. ಅದಕ್ಕೆ ತಗಲಿದ ಖರ್ಚು 553 ಡಾಲರ್ 62 ಸೆಂಟ್ ಎಂದು ಸೆಂಟಿನ ಸಮೇತ ಬರೆಯುತ್ತಾನೆ. 1895ರ ಏಪ್ರಿಲಿನಲ್ಲಿ ಬಾಸ್ಟನ್ನಿನಿಂದ ಹೊರಟವನು 1898ರ ಜೂನಿನಲ್ಲಿ ವಾಪಸು ಬಂದ. ನಡುವೆ 46,000 ಮೈಲಿ. ನೋವಾ ಸ್ಕಾಷಿಯಾದ ಯಾರ್ಮತ್ ಊರಲ್ಲಿ ಒಂದು ಪೀಪಾಯಿ ಬಟಾಟೆ ಹಾಕಿಸಿಕೊಂಡು, ಆರು ಪೀಪಾಯಿ ನೀರು ತುಂಬಿಸಿದ. ಅಲ್ಲೇ ಒಂದು ತಗಡಿನ ಗಡಿಯಾರ ಕೊಂಡ. ಬೆಲೆ ಒಂದೂವರೆ ಡಾಲರ್. ಮುಖ ಒಡೆದಿದ್ದರಿಂದ ಅಂಗಡಿಯವನು ಒಂದೇ ಡಾಲರಿಗೆ ಕೊಟ್ಟ. ಭೂಮಿ ಸುತ್ತುವವನಿಗೆ ಹೊತ್ತು ಹೇಳಿದ್ದು ಈ ಗಡಿಯಾರವೇ.

ಈ ಲೆಕ್ಕಾಚಾರದಲ್ಲಿ ಒಂದು ಪ್ರಾಮಾಣಿಕತೆ ಉಂಟು. ಅಝೋರ್ಸ್ ದ್ವೀಪದಲ್ಲಿ ಸಿಕ್ಕಿದ ಪ್ಲಮ್ ಹಣ್ಣನ್ನೂ ಬಿಳಿ ಚೀಸನ್ನೂ ಒಟ್ಟಿಗೆ ತಿಂದು ಹೊಟ್ಟೆ ಹಿಡಿದು ಬಿದ್ದದ್ದು, ಜ್ವರದ ಭ್ರಮೆಯಲ್ಲಿ ಕೊಲಂಬಸನ ಕಾಲದ ಚುಕ್ಕಾಣಿಯವನೊಬ್ಬ ದೋಣಿ ನಡೆಸುತ್ತಿದ್ದಂತೆ ಕಂಡದ್ದು, ಎಲ್ಲವನ್ನೂ ನಗುತ್ತ ಹೇಳುತ್ತಾನೆ. ರಾಬಿನ್ಸನ್ ಕ್ರೂಸೋ ಕತೆಗೆ ಮೂಲವಾದ ಹ್ವಾನ್ ಫೆರ್ನಾಂಡಿಸ್ ದ್ವೀಪದಲ್ಲಿ ನಡೆದ ಬಟಾಟೆ ವ್ಯಾಪಾರ ಇನ್ನೂ ಸೊಗಸು. ಅಲ್ಲಿನ ಒಬ್ಬ ದ್ವೀಪವಾಸಿ ಸಿಹಿಮಾತಾಡಿ ತನ್ನ ಬಟಾಟೆಯನ್ನು ಸ್ಲೋಕಂನ ಬಟಾಟೆಗೆ ಅದಲುಬದಲು ಮಾಡಿಸಿಕೊಂಡ. ನಡುಗಡಲಲ್ಲಿ ಚೀಲ ಬಿಚ್ಚಿದರೆ ಹುಳವೋ ಹುಳ! ಜಗತ್ತಿನ ಬಂದರುಗಳನ್ನೆಲ್ಲ ಕಂಡ ನಾವಿಕನನ್ನು ದ್ವೀಪದವನು ಬೇಸ್ತು ಬೀಳಿಸಿದ್ದನ್ನು ಅವನು ಮುಚ್ಚಿಡುವುದಿಲ್ಲ. ಹಾಗೆಯೇ ಒಡೆದ ಹಡಗಿನಿಂದ ತನಗೆ ಪುಕ್ಕಟೆ ಸಿಕ್ಕಿದ ಕೊಬ್ಬನ್ನು ಅದೇ ದ್ವೀಪದವರಿಗೆ ಕೊಟ್ಟು ಹಳೆಯ ನಾಣ್ಯಗಳನ್ನು ಪಡೆದದ್ದು, ಆಮೇಲೆ ಆ ನಾಣ್ಯಗಳಿಂದ ಲಾಭ ಮಾಡಿದ್ದು, ಅದನ್ನೂ ಬಿಡದೆ ಬರೆದಿದ್ದಾನೆ. ಅಲ್ಲಿನವರಿಗೆ ಕಾಫಿ ಕುಡಿಸಿ, ಕೊಬ್ಬಿನಲ್ಲಿ ಕರಿದ ಡೋನಟ್ ತಿನ್ನಿಸಿ, ಕರಿಯುವ ಕ್ರಮವನ್ನೂ ಕಲಿಸಿದ. ಅಲ್ಲಿನ ಮಕ್ಕಳು ಕ್ವಿನ್ಸ್ ಹಣ್ಣು ಆರಿಸಿ ತಂದುಕೊಟ್ಟರು. ಅವನು ಅದನ್ನು ಪಾಕದಲ್ಲಿ ಹಾಕಿ ಇಟ್ಟುಕೊಂಡ.

ಅಲ್ಲಿಂದ ಹೊರಟರೆ ಸಮೋವಾದ ಅಪಿಯಾ ಮುಟ್ಟುವವರೆಗೆ 72 ದಿನ ಎಲ್ಲೂ ನಿಲ್ಲಲಿಲ್ಲ. ಬಿಸ್ಕತ್ತು, ಉಪ್ಪುಹಾಕಿದ ಕಾಡ್ ಮೀನು, ಬೆಳಿಗ್ಗೆ ಎದ್ದರೆ ಡೆಕ್ಕಿನ ಮೇಲೆ ತಾವಾಗಿಯೇ ಬಂದು ಬಿದ್ದಿರುವ ಹಾರುಮೀನು. ಅಪಿಯಾದಲ್ಲಿ ದೋಣಿಯ ಹತ್ತಿರ ಬಂದ ಹೆಂಗಸರು, ಒಬ್ಬನೇ ಬಂದೆ ಎಂಬ ಅವನ ಮಾತನ್ನು ನಂಬಲಿಲ್ಲ. ಜೊತೆಗೆ ಇದ್ದವರನ್ನು ನೀನೇ ತಿಂದಿರಬೇಕು ಎಂದುಬಿಟ್ಟರು! ಬಿಳಿಯರು ದ್ವೀಪದವರ ಮೇಲೆ ಹೊರಿಸುತ್ತಿದ್ದ ಆಪಾದನೆ ತಿರುಗಿ ತನ್ನ ಮೇಲೆಯೇ ಬಂದದ್ದನ್ನು ಆ ಕಾಲದ ಒಬ್ಬ ಲೇಖಕ ಹೀಗೆ ದಾಖಲಿಸಿದ್ದು ಸಣ್ಣ ಮಾತಲ್ಲ. ಊರಿನ ಮುಖಂಡನೊಬ್ಬ, ಬಿಳಿಯನಿಗೆ ಗೊತ್ತಿರುವುದು ಡಾಲರ್ ಒಂದೇ ಎಂದು ಗೇಲಿ ಮಾಡಿದ್ದೂ ಪುಸ್ತಕದಲ್ಲಿ ಇದೆ.

ಜಾಕ್ ಲಂಡನ್‌ನ ಪುಸ್ತಕಕ್ಕೆ ಬಂದರೆ ಎಲ್ಲವೂ ಉಲ್ಟಾ. ಏಳು ಸಾವಿರ ಡಾಲರಿನಲ್ಲಿ ಮುಗಿಸುತ್ತೇನೆಂದು ಶುರುಮಾಡಿದ 'ಸ್ನಾರ್ಕ್' ದೋಣಿ ಮುಗಿಯುವಾಗ ಮೂವತ್ತು ಸಾವಿರ ನುಂಗಿತ್ತು. 1907ರ ಏಪ್ರಿಲಿನಲ್ಲಿ ಹೊರಟು ಕಡಲಿಗೆ ಬಿದ್ದ ಮೇಲೆ ನೋಡುತ್ತಾನೆ: ಕಿತ್ತಳೆ ಹಾಳು, ಕ್ಯಾಬೇಜು ಕೊಳೆತದ್ದು, ಕ್ಯಾರೆಟ್ಟಿನ ಮೇಲೆ ಚಿಮಿಣಿ ಎಣ್ಣೆ ಚೆಲ್ಲಿದೆ. ಹವಾಯಿಯಿಂದ ಮಾರ್ಕೇಸಸ್ ದ್ವೀಪಗಳಿಗೆ ಹೋಗುವ ಎರಡು ತಿಂಗಳ ದಾರಿಯಲ್ಲಿ ಒಂದು ರಾತ್ರಿ ಯಾರೋ ನಲ್ಲಿ ತೆರೆದು ಬಿಟ್ಟು, ಇದ್ದ ಕುಡಿಯುವ ನೀರಿನಲ್ಲಿ ಅರ್ಧ ಸೋರಿಹೋಯಿತು. ಕೊನೆಗೆ ಕಾಪಾಡಿದ್ದು ಬಟ್ಟೆಯ ಮಾಡಿನಲ್ಲಿ ಹಿಡಿದ ಮಳೆನೀರು. ಏಳು ವರ್ಷದ ಯಾತ್ರೆ ಎಂದು ಹೊರಟದ್ದು ಎರಡು ವರ್ಷ ತುಂಬುವ ಮೊದಲೇ ಕಾಯಿಲೆಯಿಂದಾಗಿ ನಿಂತಿತು.

ಆದರೆ ಈ ಎಡವಟ್ಟಿನ ಪುಸ್ತಕದಲ್ಲಿ ಒಂದು ಅಧ್ಯಾಯ ಉಂಟು, ಅದಕ್ಕೆ ಸ್ಲೋಕಂನಲ್ಲಿ ಸಾಟಿ ಇಲ್ಲ. ತಾಹಿತಿಯ ಆಚೆ ತಾಹಾ ಎಂಬ ಸಣ್ಣ ದ್ವೀಪ. ಅಲ್ಲಿನ ತೆಹೇಯಿ ಮತ್ತು ಅವನ ಹೆಂಡತಿ ಬಿಹಾವುರಾ ಈ ಅಪರಿಚಿತರನ್ನು ಮನೆಗೆ ಕರೆದು ಉಪಚರಿಸುತ್ತಾರೆ. ಕಣ್ಣು ಯಾವ ವಸ್ತುವಿನ ಮೇಲೆ ತುಸು ಹೊತ್ತು ನಿಂತರೂ ಸಾಕು, ಅದು ಅತಿಥಿಯ ಪಾಲು. ಹೊರಡುವ ದಿನ ಬಾಳೆಗೊನೆ, ತೆಂಗಿನಕಾಯಿ, ಗೆಣಸು, ಲಿಂಬೆ, ಕೋಳಿ ಎಂದು ದೋಣಿಯಲ್ಲಿ ಕಾಲಿಡಲು ಜಾಗ ಇಲ್ಲದ ಹಾಗೆ ತುಂಬಿಸಿಬಿಟ್ಟರು. ಅಲೆ ಎದ್ದಾಗ ಆ ರಾಶಿ ಡೆಕ್ಕಿನಲ್ಲಿ ಉರುಳಾಡಿತು. ಲಂಡನ್ ಕೊಟ್ಟವರ ಹೆಸರು ಬರೆಯುತ್ತಾನೆ, ಗಂಡನದ್ದು ಮಾತ್ರ ಅಲ್ಲ, ಹೆಂಡತಿಯದ್ದೂ. ಸ್ವಂತ ನಾಡಿನಲ್ಲಿ ಹಣ ಕೊಟ್ಟು ತಂದ ತರಕಾರಿ ಕೊಳೆತದ್ದು, ಇಲ್ಲಿ ಒಂದು ಕಾಸು ಕೇಳದೆ ಇದ್ದುದರಲ್ಲಿ ಒಳ್ಳೆಯದನ್ನೇ ಕೊಟ್ಟದ್ದು, ಎರಡೂ ಒಂದೇ ಪುಸ್ತಕದಲ್ಲಿವೆ. ಇದನ್ನು ಓದಿದವನಿಗೆ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ನುಕುಹಿವಾ ದ್ವೀಪದ ಟೈಪೀ ಕಣಿವೆಯಲ್ಲಿ, ಹಿಂದೆ ಸಾವಿರಾರು ಜನ ಬಾಳಿದ ಜಾಗದಲ್ಲಿ ಕ್ಷಯ ಹಿಡಿದು ಕೆಮ್ಮುವ ಕೆಲವೇ ಜನ ಉಳಿದಿದ್ದನ್ನು ಕಂಡು, ಹೊರಗಿನ ಹಡಗುಗಳ ಜೊತೆ ರೋಗವೂ ಬಂತು ಎಂಬುದನ್ನು ಅವನು ಮರೆಮಾಚುವುದಿಲ್ಲ.

ಇಷ್ಟು ಹೊಗಳಿದ ಮೇಲೂ ನನ್ನ ತಕರಾರು ಉಳಿಯುತ್ತದೆ. ಎರಡೂ ಪುಸ್ತಕಗಳಲ್ಲಿ ದ್ವೀಪ ಒಂದು ಉಗ್ರಾಣ. ದೋಣಿ ಬರುತ್ತದೆ, ಬಾಗಿಲು ತೆರೆಯುತ್ತದೆ, ಪೀಪಾಯಿ ತುಂಬುತ್ತದೆ, ದೋಣಿ ಹೋಗುತ್ತದೆ. ಉಗ್ರಾಣಕ್ಕೆ ಸಾಮಾನು ಎಲ್ಲಿಂದ ಬರುತ್ತದೆ, ದ್ವೀಪದವರ ಅಕ್ಕಿ ಡಬ್ಬ ತುಂಬಿಸುವವರು ಯಾರು ಎಂದು ಇಬ್ಬರೂ ಕೇಳುವುದಿಲ್ಲ.

ಈ ಪ್ರಶ್ನೆ ನನಗೆ ಹೊಳೆದದ್ದು ನಮ್ಮದೇ ಕಡಲಿನಿಂದ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ನಮ್ಮ ಕಾಸರಗೋಡು ತಾಲೂಕಿನ ಹಾಗೆಯೇ. ಆ ವರ್ಷದ ನವೆಂಬರ್ 1ರಂದು ನಾವು ಕೇರಳಕ್ಕೆ ಹೋದೆವು, ಅದೇ ದಿನ ಅವರು ಕೇಂದ್ರಾಡಳಿತಕ್ಕೆ ಹೋದರು. ಆ ಹವಳದ ಮರಳಿನಲ್ಲಿ ಭತ್ತ ಬೆಳೆಯುವುದಿಲ್ಲ. ಅಲ್ಲಿನ ಹೆಂಗಸರು ತೆಂಗಿನ ಸಿಪ್ಪೆ ಕೊಳೆಹಾಕಿ, ಬಡಿದು, ನಾರು ತೆಗೆದು, ಹುರಿ ಹೊಸೆದರು. ಗಂಡಸರು ಅದನ್ನು ಹಾಯಿ ಓಡಗಳಲ್ಲಿ ತುಂಬಿ ಮಂಗಳೂರಿಗೆ ತಂದರು. ಹುರಿಯನ್ನು ಸರಕಾರವೇ ತಾನು ಗೊತ್ತುಮಾಡಿದ ದರಕ್ಕೆ ತೆಗೆದುಕೊಂಡು ಬದಲಿಗೆ ಅಕ್ಕಿ ಕೊಡುವ ಪದ್ಧತಿ ಬ್ರಿಟಿಷರ ಕಾಲದಲ್ಲಿ ಇತ್ತು. ಬೇರೆಯವರಿಗೆ ಮಾರುವ ಹಾಗಿಲ್ಲ. ಮಳೆಗಾಲಕ್ಕೆ ಕಡಲು ಮುಚ್ಚಿದರೆ ಆ ಅಕ್ಕಿಯಲ್ಲೇ ದಿನ ದೂಡಬೇಕು. ಅಂದರೆ ದ್ವೀಪದವನೂ ಹಾಯಿದೋಣಿಯವನೇ, ಅವನಿಗೂ ಜೀನಸಿನ ಪಟ್ಟಿ ಉಂಟು. ಆದರೆ ಅವನ ಯಾನಕ್ಕೆ ಸಾಹಸ ಅಂತ ಯಾರೂ ಹೆಸರಿಡಲಿಲ್ಲ, ಅವನ ಪಟ್ಟಿ ಪುಸ್ತಕವಾಗಲಿಲ್ಲ.

ಈ ಕಣ್ಣಿನಿಂದ ಸ್ಲೋಕಂನ ಕೀಲಿಂಗ್ ಕೋಕೋಸ್ ಅಧ್ಯಾಯವನ್ನು ಮತ್ತೆ ನೋಡಿ. 1897ರ ಜುಲೈಯಲ್ಲಿ, 23 ದಿನದ ಓಟದ ಬಳಿಕ, ಹಿಂದೂ ಮಹಾಸಾಗರದ ಈ ಹವಳದ ದ್ವೀಪಕ್ಕೆ ಅವನು ಬಂದ. ಮಕ್ಕಳ ಬಗ್ಗೆ ಬಹಳ ಪ್ರೀತಿಯಿಂದ ಬರೆಯುತ್ತಾನೆ. ಅವನು ಬ್ಲ್ಯಾಕ್‌ಬೆರಿ ಜಾಮ್ ತಿನ್ನುವುದನ್ನು ಕಂಡು ಕ್ಯಾಪ್ಟನ್ ಡಾಂಬರು ತಿನ್ನುತ್ತಿದ್ದಾನೆ ಎಂದು ಮಕ್ಕಳು ಕೂಗಿದ ಪ್ರಸಂಗ ನಗು ತರಿಸುತ್ತದೆ. ಆದರೆ ಅಲೆಕ್ಸಾಂಡರ್ ಹೇರ್ ಎಂಬವನು 1826ರಲ್ಲಿ ಮಲಯ ಮೂಲದ ಗುಲಾಮರನ್ನು ಈ ದ್ವೀಪಕ್ಕೆ ತಂದ ಸಂಗತಿಯೂ ಅವನ ಕೈಯಲ್ಲಿ ಅದೇ ತಮಾಷೆಯ ಧಾಟಿಯ ಕತೆಯಾಗಿಬಿಡುತ್ತದೆ. ಹೇರ್‌ನ ನಂತರ ದ್ವೀಪದ ಒಡೆತನ ಕ್ಲೂನೀಸ್ ರಾಸ್ ಮನೆತನದ್ದು. ಕೊಬ್ಬರಿ ಕೆಲಸದ ಜನರಿಗೆ ಕೂಲಿಯಾಗಿ ಮನೆತನವೇ ಅಚ್ಚುಹಾಕಿದ ಬಿಲ್ಲೆಗಳನ್ನು ಕೊಡುವ ಕ್ರಮ 20ನೇ ಶತಮಾನದಲ್ಲೂ ನಡೆಯಿತು. ಆ ಬಿಲ್ಲೆ ನಡೆಯುತ್ತಿದ್ದುದು ಅದೇ ಮನೆತನದ ಅಂಗಡಿಯಲ್ಲಿ ಮಾತ್ರ. ಆಸ್ಟ್ರೇಲಿಯಾ ಸರಕಾರ ದ್ವೀಪವನ್ನು ಕೊಂಡದ್ದು 1978ರಲ್ಲಿ. ಅಲ್ಲಿನ ಜನರಿಗೆ ತಮ್ಮ ಭವಿಷ್ಯದ ಬಗ್ಗೆ ಮತ ಹಾಕುವ ಅವಕಾಶ ಸಿಕ್ಕಿದ್ದು 1984ರಲ್ಲಿ. ಆರು ಪೀಪಾಯಿಯ ಲೆಕ್ಕ ಇಟ್ಟ ಸ್ಲೋಕಂ ಐದು ವಾರ ಅಲ್ಲಿದ್ದೂ, ಮಕ್ಕಳ ಅಪ್ಪಂದಿರಿಗೆ ಕೂಲಿ ಎಷ್ಟು ಎಂಬ ಲೆಕ್ಕವನ್ನು ನಮಗೆ ಕೊಡುವುದಿಲ್ಲ. ಅವನ ಪುಸ್ತಕ ಸೋಲುವುದು ಇಲ್ಲಿ.

ಸಾಹಸದ ಪುಸ್ತಕದಲ್ಲಿ ಇದನ್ನೆಲ್ಲ ಹುಡುಕುವುದು ಅತಿಯಾಯಿತು ಮಾರಾಯ್ರೇ, ಒಂದು ಪೀಪಾಯಿ ನೀರು, ನಾಲ್ಕು ಬೊಂಡಕ್ಕೆ ಇಷ್ಟು ಲೆಕ್ಕವೇ ಎಂದು ಕೆಲವರು ಕೇಳಿಯಾರು. ಹವಳದ ದ್ವೀಪದ ಬಾವಿಯ ಕತೆ ತಿಳಿದರೆ ಹಾಗೆ ಕೇಳುವುದಿಲ್ಲ. ಅಲ್ಲಿ ಮಳೆಯ ಸಿಹಿನೀರು ಮರಳಿನಡಿಯ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಿರುತ್ತದೆ. ಹೆಚ್ಚು ಸೇದಿದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ತೆಂಗು ಸಾಕಿದ ನಮಗೆ ಬೊಂಡದ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ: ಇವತ್ತು ಕೆತ್ತಿ ಕೊಟ್ಟ ಬೊಂಡ ನಾಳೆ ಕೊಬ್ಬರಿ ಆಗುವುದಿಲ್ಲ. ಕೊಟ್ಟವನು ತನ್ನ ಪಾಲಿನಿಂದಲೇ ಕೊಟ್ಟಿರುತ್ತಾನೆ. ಪ್ರವಾಸ ಬರೆಯುವವನು ಇದನ್ನು ಒಂದು ಸಾಲಿನಲ್ಲಿ ಹೇಳಿದರೂ ಸಾಕು, ಸಾಹಸದ ರುಚಿ ಕೆಡುವುದಿಲ್ಲ. ತಾಹಾದ ಅಧ್ಯಾಯವೇ ಅದಕ್ಕೆ ಸಾಕ್ಷಿ.

ಎರಡರಲ್ಲಿ ಯಾವುದು ಒಳ್ಳೆಯ ಪುಸ್ತಕ ಎಂದರೆ, ಬರವಣಿಗೆಯಲ್ಲಿ ಸ್ಲೋಕಂನದ್ದೇ ಮೇಲು. ಮಿತವಾದ ಮಾತು, ತನ್ನ ಮೇಲೆಯೇ ನಗುವ ಗುಣ, ಕಸುಬಿನ ಮೇಲಿನ ಹಿಡಿತ, ಇವು ಲಂಡನ್‌ನ ಅಬ್ಬರದಲ್ಲಿ ಇಲ್ಲ. ಆದರೆ ಕೊಟ್ಟವರ ಋಣ ಬರೆದಿಟ್ಟದ್ದರಲ್ಲಿ ಲಂಡನ್ ಒಂದು ಹೆಜ್ಜೆ ಮುಂದೆ. ಎರಡನ್ನೂ ನಮ್ಮ ಮಕ್ಕಳು ಓದಬೇಕು ಎಂದೇ ನನ್ನ ಅಭಿಪ್ರಾಯ. ಇಂಗ್ಲಿಷ್ ಬಾರದವರಿಗೆ ಮೇಷ್ಟ್ರುಗಳು, ಟೀಚರುಗಳು ಕತೆಯಾಗಿ ಹೇಳಲಿ, ಮಕ್ಕಳು ಕಿವಿಗೊಟ್ಟು ಕೇಳುತ್ತಾರೆ. ಹೇಳಿ ಮುಗಿದ ಮೇಲೆ ಒಂದು ಕೆಲಸ ಕೊಡಿ. ಅದೇ ದೋಣಿ ಬಂದದ್ದನ್ನು ಬಿಹಾವುರಾ ಬರೆದಿದ್ದರೆ ಹೇಗೆ ಬರೆಯುತ್ತಿದ್ದಳು ಅಂತ ಒಂದು ಪುಟ ಬರೆಯಲಿ. ಎಷ್ಟು ಗೊನೆ ಕಡಿದೆವು, ಯಾವ ಕೋಳಿ ಹಿಡಿದೆವು, ದೋಣಿ ಹೋದ ಮೇಲೆ ಮನೆಯಲ್ಲಿ ಏನು ಉಳಿಯಿತು. ತೆಂಗಿನ ತೋಟದ ಮಕ್ಕಳಿಗೆ ಈ ಲೆಕ್ಕ ಕಷ್ಟವಾಗಲಿಕ್ಕಿಲ್ಲ.